ಮೂಗಿನ ನೇರಕ್ಕೆ ಒಂದು ಸಂಶೋಧನೆ

ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಪದವಿಯೂ ಇಲ್ಲ. ಆದರೆ ಮೂಗಿದೆ. ಮುಂಗಾರಿನ ಎರಡು ಮಳೆ ಬಿದ್ದು ಪಕ್ಕದ ಖಾಲಿ ಸೈಟು ಹಸಿರಾಯಿತೆಂದರೆ ಶುರು. ಗೌರಿ ಹಬ್ಬ ಕಳೆಯುವ ತನಕ ಒಂದು ದಿನವೂ ರಜೆ ಹಾಕದೆ ಸೋರುವ ಮೂಗು. ಈ ಸೇವೆಗೆ ಈಗ ಇಪ್ಪತ್ತೆರಡು ವರ್ಷ. ಋತು ನೋಡಿಕೊಂಡು ಬರುವ ಈ ಅಲರ್ಜಿ ನೆಗಡಿಗೆ ಜಗತ್ತಿನಲ್ಲಿ ಏನೇನು ಚಿಕಿತ್ಸೆಗಳನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ ಎಂಬುದನ್ನು ಓದಿ, ಅರ್ಥವಾದಷ್ಟನ್ನು ಅರಗಿಸಿಕೊಂಡು, ಅರ್ಥವಾಗದ್ದನ್ನು ಅಭಿಪ್ರಾಯವಾಗಿ ಪರಿವರ್ತಿಸಿಕೊಂಡು ಈ ಬರಹಕ್ಕೆ ಕುಳಿತಿದ್ದೇನೆ. ನನ್ನ ಅರ್ಹತೆಯ ಬಗ್ಗೆ ಮೂಗು ಮುರಿಯುವವರಿಗೆ ಒಂದೇ ಮಾತು: ಈ ಶಾಸ್ತ್ರವನ್ನು ಕಟ್ಟಿದವರೆಲ್ಲ ಮೊದಲು ಮೂಗುಳ್ಳವರು, ಆಮೇಲೆ ವಿಜ್ಞಾನಿಗಳು.

1819ರಲ್ಲಿ ಲಂಡನ್ನಿನ ವೈದ್ಯರ ಸಂಘದ ಮುಂದೆ ಜಾನ್ ಬೊಸ್ಟಾಕ್ ಎಂಬ ವೈದ್ಯರು ಒಬ್ಬ ರೋಗಿಯ ವೃತ್ತಾಂತ ಓದಿದರು. ರೋಗಿಯ ಹೆಸರು ‘ಜೆ.ಬಿ.’, ವಯಸ್ಸು 46. ಎಂಟನೆಯ ವಯಸ್ಸಿನಿಂದ ಪ್ರತಿ ಬೇಸಿಗೆಯಲ್ಲೂ ಕಣ್ಣುರಿ, ಸೀನು, ಎದೆ ಬಿಗಿತ. ಜೆ.ಬಿ. ಯಾರೆಂದು ಊಹಿಸಲು ಸಭಿಕರು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ. ಓದುತ್ತಿದ್ದವರ ಕೈಯಲ್ಲೇ ಕರ್ಚೀಫು ಇದ್ದಿರಬೇಕು. ಆ ರೋಗಿಗೆ ರಕ್ತ ತೆಗೆಸಲಾಗಿತ್ತು, ಭೇದಿ ಮಾಡಿಸಲಾಗಿತ್ತು, ಅಫೀಮು, ಪಾದರಸ, ತಣ್ಣೀರು ಸ್ನಾನ ಎಲ್ಲವೂ ಆಗಿತ್ತು. ಇಷ್ಟಾದರೂ ರೋಗಿ ಬದುಕಿದ್ದ. ಈ ಕ್ಷೇತ್ರದಲ್ಲಿ ದಾಖಲಾದ ಮೊದಲ ಆಶಾದಾಯಕ ಫಲಿತಾಂಶ ಅದು. ಮುಂದೆ ಒಂಬತ್ತು ವರ್ಷ ಹುಡುಕಿ ಬೊಸ್ಟಾಕ್ ಒಟ್ಟು 28 ರೋಗಿಗಳನ್ನು ಪಟ್ಟಿಮಾಡಿದರು. ಇವತ್ತು ನಮ್ಮ ಬಡಾವಣೆಯ ಹಾಲಿನ ಬೂತಿನ ಮುಂದೆ ಬೆಳಿಗ್ಗೆ ಆರೂವರೆಗೆ ನಿಂತರೆ ಕಾಲು ಗಂಟೆಯಲ್ಲಿ ಅಷ್ಟು ಜನ ಸಿಗುತ್ತಾರೆ, ಅದೂ ಸೀನುತ್ತಲೇ. ಬಡವರಲ್ಲಿ ಈ ಕಾಯಿಲೆಯ ಒಂದು ಖಚಿತ ಉದಾಹರಣೆಯೂ ಸಿಗಲಿಲ್ಲ, ಇದು ಅನುಕೂಲಸ್ಥರ ರೋಗ ಎಂದೂ ಅವರು ಗುರುತಿಸಿದ್ದರು. ಈ ಭಾಗವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. “ಹೋಮ್ ಲೋನ್ ಕಟ್ಟೋರಿಗೂ ಬರುತ್ತೆ ಅಂತ ಸೇರಿಸ್ಕೊಳ್ರೀ,” ಎಂದಳು ನನ್ನಾಕೆ.

ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲಿ ಇನ್ನೂ ಮುಂದೆ ಹೋದರು. ಹುಲ್ಲಿನ ಪರಾಗವನ್ನು ಸ್ವಂತ ಮೂಗಿಗೇ ಏರಿಸಿಕೊಂಡರು. ಚರ್ಮ ಗೀರಿ ಅಲ್ಲಿಗೂ ಸವರಿಕೊಂಡರು. ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲಿ ಪರಾಗ ಎಷ್ಟಿದೆ ಎಂದು ಎಣಿಸಿದರು. 1873ರಲ್ಲಿ ಅದೆಲ್ಲ ಪುಸ್ತಕವಾಯಿತು, ಕಾಯಿಲೆಗೆ ಕಾರಣ ಬಿಸಿಲಲ್ಲ, ಪರಾಗ ಎಂದು ತೀರ್ಮಾನವಾಯಿತು. ಆಷಾಢದಲ್ಲಿ ಗಾಳಿಪಟ ಹಾರಿಸಿ ಬೆನ್ನಿಗೆ ಬಾರಿಸಿಕೊಂಡ ನಮ್ಮ ಕಾಲದ ಹುಡುಗರಲ್ಲಿ ಎಷ್ಟು ಬ್ಲಾಕ್ಲಿಗಳು ಕಮರಿಹೋದರೋ. 1921ರಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಎಂಬ ಜರ್ಮನ್ ವಿಜ್ಞಾನಿ, ಮೀನು ತಿಂದರೆ ಆಗದ ತಮ್ಮ ಸಹೋದ್ಯೋಗಿ ಕ್ಯೂಸ್ಟ್ನರ್ ಅವರ ರಕ್ತದ ಸೀರಮ್ಮನ್ನು ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡು, ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡರು. ಅದು ಬಾತುಕೊಂಡಿತು. ಅಲರ್ಜಿಯ ಮೂಲ ರಕ್ತದಲ್ಲಿದೆ ಎಂದು ಗೊತ್ತಾದದ್ದು ಹೀಗೆ. ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನವರ ಫೈಲು ಮುಟ್ಟಲೂ ಜನ ಒಪ್ಪುವುದಿಲ್ಲ.

ಹೀಗೆ ಎಲ್ಲರೂ ಅವರವರ ಮೂಗಿನ ನೇರಕ್ಕೇ ನಡೆದವರು. ಬೇರೆ ಶಾಸ್ತ್ರಗಳಲ್ಲಿ ಅದು ಬೈಗುಳ, ಇಲ್ಲಿ ವಿಧಾನ.

ಇನ್ನು ಅಳತೆಗೋಲು. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆಯಿದೆ, ಬಿ.ಪಿ.ಗೆ ತೋಳಿಗೆ ಸುತ್ತುವ ಪಟ್ಟಿಯಿದೆ. ನೆಗಡಿಗೆ? ಸಾವಿರಾರು ಕೋಟಿ ವಹಿವಾಟಿನ ಔಷಧಗಳು ಪಾಸಾಗುವುದು ಒಂದು ಡೈರಿಯ ಆಧಾರದ ಮೇಲೆ. ಮೂಗು ಸೋರುವುದು, ಕಟ್ಟುವುದು, ಸೀನು, ತುರಿಕೆ: ನಾಲ್ಕು ವಿಷಯ. ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 12. ಅಂಕ ಕೊಡುವವರು ರೋಗಿಗಳೇ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸೊನ್ನೆಯೆಂದರೆ ಏನೂ ಇಲ್ಲ. ಒಂದು ಎಂದರೆ ಇದೆ, ಆದರೆ ತೊಂದರೆಯಿಲ್ಲ. ಎರಡು ಎಂದರೆ ಕಿರಿಕಿರಿ, ಆದರೂ ತಡೆದುಕೊಳ್ಳಬಹುದು. ಮೂರು ಎಂದರೆ ತಡೆಯಲಾರೆ. ವಿದೇಶದ ದೊಡ್ಡ ದೊಡ್ಡ ಪ್ರಯೋಗಗಳಲ್ಲೂ ಅಸಲಿ ಔಷಧ ತೆಗೆದುಕೊಂಡವರಿಗೂ ಹುಸಿಮಾತ್ರೆ ನುಂಗಿದವರಿಗೂ ಇರುವ ಅಂತರ ಎಷ್ಟೋ ಸಲ ಈ 12ರಲ್ಲಿ ಒಂದು ಅಂಕದ ಆಸುಪಾಸು. ಹುಸಿಮಾತ್ರೆಯವರೂ ಚೆನ್ನಾಗಿಯೇ ಸುಧಾರಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಅಂಕಕ್ಕೆ ಮರುಮೌಲ್ಯಮಾಪನಕ್ಕೆ ಹಾಕುವ ನಾಡಿನವರಾದ ನಾವು ಇದನ್ನು ಹಗುರವಾಗಿ ಕಾಣಬಾರದು.

ಆದರೆ ಈ ಅಳತೆಗೋಲನ್ನು ಕನ್ನಡಕ್ಕೆ ತರುವುದರಲ್ಲಿ ನನಗೊಂದು ಮೂಲಭೂತ ತೊಡಕು ಎದುರಾಯಿತು. ಅಮ್ಮನಿಗೂ ನನ್ನದೇ ಮೂಗು. ಸರಿಯಾಗಿ ಹೇಳಬೇಕೆಂದರೆ ನನಗೆ ಅವರದ್ದು. ಅವರನ್ನು ಪರೀಕ್ಷಾರ್ಥ ಕೇಳಿದೆ: “ಅಮ್ಮ, ಸೀನು ಹೇಗಿದೆ?” “ಪರವಾಗಿಲ್ಲ ಕಣೋ.” “ಮೂಗು ಕಟ್ಟಿದೆಯಾ?” “ಪರವಾಗಿಲ್ಲ.” ಮೂಗು ಸೇಬಿನಂತೆ ಕೆಂಪಾಗಿತ್ತು, ಸೆರಗಿನ ತುದಿ ಒದ್ದೆಯಾಗಿತ್ತು. ಕನ್ನಡದಲ್ಲಿ ‘ಪರವಾಗಿಲ್ಲ’ ಎಂಬುದು ಸೊನ್ನೆಯಿಂದ ಮೂರರವರೆಗೆ ಎಲ್ಲ ಅಂಕಗಳನ್ನೂ ವ್ಯಾಪಿಸಿಕೊಂಡಿರುವ ಪದ. ಸ್ವರದಲ್ಲಿ ಮಾತ್ರ ವ್ಯತ್ಯಾಸ. ಬೀಗರ ಮನೆಯ ಉಪ್ಪಿಟ್ಟಿಗೂ ಅದೇ, ಮಂಡಿ ಆಪರೇಷನ್ನಿಗೂ ಅದೇ. ಆದ್ದರಿಂದ ಅಮ್ಮನನ್ನು ರೋಗಿಗಳ ಪಟ್ಟಿಯಿಂದ ಕೈಬಿಟ್ಟು, ಔಷಧ ವಿತರಣೆಯ ವಿಭಾಗಕ್ಕೆ ವರ್ಗಾಯಿಸಿದೆ. ಉಳಿದವನು ನಾನೊಬ್ಬನೇ. ಒಬ್ಬನೇ ರೋಗಿಯ ಪ್ರಯೋಗವೆಂದು ನಗಬೇಡಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 1986ರಲ್ಲೇ ಇದನ್ನು ಗಂಭೀರ ಪತ್ರಿಕೆಯಲ್ಲಿ ಮಂಡಿಸಿದ್ದಾರೆ: ಒಬ್ಬನೇ ರೋಗಿಗೆ ಅಸಲಿ, ಹುಸಿ ಎರಡನ್ನೂ ಸರದಿಯಲ್ಲಿ ಕೊಟ್ಟು ನೋಡುವುದು. ಅವರು ಬರೆಯದೆ ಬಿಟ್ಟದ್ದು ಒಂದೇ, ಆ ರೋಗಿಯೇ ಮುಖ್ಯ ಸಂಶೋಧಕನೂ ಆಗಿದ್ದರೆ ಸಭೆಗಳ ಖರ್ಚು ಉಳಿಯುತ್ತದೆ ಎಂಬುದು.

ಚಿಕಿತ್ಸೆಯಾಗಿ ಮೆಣಸಿನ ಕಷಾಯವನ್ನು ಆರಿಸಿಕೊಂಡೆ. ಕಾಳುಮೆಣಸು, ಜೀರಿಗೆ, ಶುಂಠಿ, ಬೆಲ್ಲ. ಎದುರಿಗೆ ಹುಸಿ ಕಷಾಯ ಬೇಕು. ಅದು ನೋಡಲು, ಮೂಸಲು, ಕುಡಿಯಲು ಅಸಲಿಯಂತೆಯೇ ಇರಬೇಕು, ಮದ್ದಿನ ಅಂಶ ಮಾತ್ರ ಇರಕೂಡದು. ಇದನ್ನು ನೈತಿಕ ಸಮಿತಿಯ ಮುಂದಿಟ್ಟೆ. ಸಮಿತಿ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿತ್ತು. “ಮೆಣಸೂ ಹಾಕದೆ, ಶುಂಠೀನೂ ಹಾಕದೆ ಕಷಾಯ ಅಂದ್ರೆ ಅದು ಬೆಲ್ಲದ ನೀರು ಕಣ್ರೀ,” ಎಂದಿತು ಸಮಿತಿ. ಅಮ್ಮ ಮಾತ್ರ ವಿಚಲಿತರಾಗಲಿಲ್ಲ. “ನಿಮ್ಮಪ್ಪನ ಆಫೀಸ್ ಕ್ಯಾಂಟೀನಲ್ಲಿ ಕಾಫಿ ಹಾಗೇ ಇರ್ತಿತ್ತಂತೆ. ಬಣ್ಣ ಇರೋದು, ವಾಸನೆ ಇರೋದು, ಕಾಫಿ ಇರ್ತಿರಲಿಲ್ಲ,” ಎಂದರು. ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ಇದೇ ಸಮಸ್ಯೆಯನ್ನು ಬಿಡಿಸಿದ್ದಾರೆ. ಊರಿನ ಜೇನು ತಿಂದರೆ ಪರಾಗದ ಅಲರ್ಜಿ ಹೋಗುತ್ತದೆಂಬ ನಂಬಿಕೆಯನ್ನು 36 ಜನರ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಊರಿನ ಜೇನು, ಇನ್ನೊಂದಕ್ಕೆ ಅಂಗಡಿಯ ಜೇನು, ಮೂರನೆಯದಕ್ಕೆ ಜೇನಿನ ಪರಿಮಳ ಬೆರೆಸಿದ ಜೋಳದ ಪಾಕ. ಮೂರೂ ಗುಂಪಿನವರ ಮೂಗು ಒಂದೇ ಸಮ ಸೋರಿತು. ಜೋಳದ ಪಾಕವನ್ನು ಜೇನೆಂದು ಮಾರಬಹುದೆಂಬ ಜ್ಞಾನಕ್ಕೆ ನಮ್ಮ ಹೆದ್ದಾರಿ ಬದಿಯ ವ್ಯಾಪಾರಿಗಳಿಗೆ ಪ್ರಯೋಗಶಾಲೆ ಬೇಕಾಗಿರಲಿಲ್ಲ ಎಂಬುದು ಬೇರೆ ಮಾತು.

ಯಾವ ದಿನ ಯಾವ ಕಷಾಯ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಚೌಕಾಬಾರದ ಕವಡೆ ಹಾಕಿ ನಿರ್ಧರಿಸಿದೆವು. ಕುಡಿಯುವವನಿಗೂ ಕೊಡುವವರಿಗೂ ಲೋಟದಲ್ಲಿ ಏನಿದೆ ಎಂದು ಗೊತ್ತಾಗಬಾರದು, ಇದಕ್ಕೆ ‘ಡಬಲ್ ಬ್ಲೈಂಡ್’ ಎನ್ನುತ್ತಾರೆ. ನನ್ನ ಕಣ್ಣಲ್ಲಿ ಸದಾ ನೀರು, ಅಮ್ಮನ ಎರಡೂ ಕಣ್ಣಿಗೆ ಪೊರೆ. ಈ ನಿಯಮವನ್ನು ಇಷ್ಟು ಪ್ರಾಮಾಣಿಕವಾಗಿ ಪಾಲಿಸಿದ ಪ್ರಯೋಗ ಇನ್ನೊಂದಿರಲಾರದು.

ಜಲನೇತಿಯನ್ನೂ ಪರಿಗಣಿಸಿದ್ದೆ. ಉಪ್ಪುನೀರಿನಿಂದ ಮೂಗು ತೊಳೆಯುವುದರ ಬಗ್ಗೆ, ಚಿಕಿತ್ಸೆಗಳ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಹೇಳಿದ್ದು: ಉಪಯೋಗ ಆಗಬಹುದು, ಪುರಾವೆ ದುರ್ಬಲ. ನಮ್ಮ ಹಠಯೋಗಿಗಳ ಶತಮಾನಗಳ ಸಾಧನೆಗೆ ‘ಆಗಬಹುದು’ ಎಂಬ ಪ್ರಮಾಣಪತ್ರ ಸಿಕ್ಕಿದ್ದು ಹೆಮ್ಮೆಯ ಸಂಗತಿ. ಆದರೆ ನೀರನ್ನು ಕುದಿಸಿ ಆರಿಸಲೇಬೇಕು. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ನಲ್ಲಿ ನೀರನ್ನೇ ಮೂಗಿಗೆ ಬಿಟ್ಟುಕೊಂಡ ಇಬ್ಬರನ್ನು ಮೆದುಳು ತಿನ್ನುವ ಅಮೀಬಾ ಕೊಂದಿತು. ನಾವು ಕುದಿಸಿಯೇ ಬಳಸುತ್ತೇವೆ, ಅಮೀಬಾದ ಭಯಕ್ಕಲ್ಲ, ಟ್ಯಾಂಕರ್ ನೀರಿನ ಬಣ್ಣ ನೋಡಿ. ಇನ್ನೊಂದು ಅಧ್ಯಯನವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಎಷ್ಟು ಹೇಳಬಹುದೋ ಅಷ್ಟೇ ಹೇಳುತ್ತೇನೆ. ದಾಂಪತ್ಯ ಸುಖವು ಕಟ್ಟಿದ ಮೂಗನ್ನು ಸ್ಪ್ರೇಯಷ್ಟೇ ಚೆನ್ನಾಗಿ, ಸುಮಾರು ಒಂದು ಗಂಟೆ ಕಾಲ ಬಿಡಿಸುತ್ತದೆಂದು 18 ದಂಪತಿಗಳ ಮೂಗಿನಿಂದ ಅಳೆದು ತೋರಿಸಿದವರಿಗೆ, ನಗು ಬರಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2021ರಲ್ಲಿ ಸಿಕ್ಕಿತು. ನಮ್ಮದು ಅಮ್ಮನೂ ಇರುವ ಎರಡು ಕೋಣೆಯ ಮನೆ. ಈ ಶಾಖೆಯನ್ನು ವಿನ್ಯಾಸದ ಹಂತದಲ್ಲೇ ಕೈಬಿಡಲಾಯಿತು.

ಇಂಥ ಪ್ರಯೋಗಗಳಲ್ಲಿ ರೋಗಿಯಾಗುವುದೂ ಸುಲಭವಲ್ಲ. ಮೊದಲ ಕೆಲವು ದಿನ ಎಲ್ಲರಿಗೂ ಹುಸಿಮಾತ್ರೆ ಕೊಟ್ಟು ನೋಡುತ್ತಾರೆ, ಸಾಕಷ್ಟು ಅಂಕ ಬಾರದವರನ್ನು ಮನೆಗೆ ಕಳಿಸುತ್ತಾರೆ. ಮೂಗು ಸಾಕಷ್ಟು ಸೋರಲಿಲ್ಲವೆಂದು ಫೇಲಾಗುವ ಏಕೈಕ ಪರೀಕ್ಷೆ ಇದು. ಹವೆಯನ್ನು ನೆಚ್ಚಿಕೊಂಡು ಕೂರಲಾಗದೆಂದು ವಿಯೆನ್ನಾದಲ್ಲಿ 1980ರ ದಶಕದಲ್ಲೇ ಒಂದು ಕೋಣೆ ಕಟ್ಟಿದರು. ಒಳಗೆ ಜನರನ್ನು ಕೂರಿಸಿ, ಅಳತೆ ಮಾಡಿದ ಪರಾಗವನ್ನು ಫ್ಯಾನಿನಿಂದ ಊದಿ, ಗಂಟೆಗಟ್ಟಲೆ ಅಂಕ ಬರೆಸುತ್ತಾರೆ. ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ಇಂಥದೇ ಇನ್ನೊಂದಿದೆ, ಅಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 3,500 ಪರಾಗ ಕಣ. ನಮ್ಮ ಮನೆಯಲ್ಲಿ ಆ ಸೌಲಭ್ಯ ಬಹಳ ಹಿಂದಿನಿಂದಲೂ ಇದೆ. ಸಾರಿನ ಪುಡಿಗೆ ಬ್ಯಾಡಗಿ, ಗುಂಟೂರು ಎರಡನ್ನೂ ಹುರಿಯುವಾಗ ಕಿಟಕಿ ಮುಚ್ಚಿದರೆ ಸಾಕು. ಅದರ ಘಾಟಿಗೆ ಮೂರನೇ ಮನೆಯವರೂ ಅಂಕ ಗಳಿಸುತ್ತಾರೆ. ಆದರೆ ಅದು ಅಲರ್ಜಿಯಲ್ಲ, ಬರೀ ಘಾಟು. ಶಾಸ್ತ್ರ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಾಗಾಗಿ ನಾನು ಅರ್ಹತೆ ಗಳಿಸಲು ಬೆಳಿಗ್ಗೆ ಆರಕ್ಕೆ ಎದ್ದು ಖಾಲಿ ಸೈಟಿನ ಪಕ್ಕದಲ್ಲಿ ಇಪ್ಪತ್ತು ನಿಮಿಷ ದೀರ್ಘವಾಗಿ ಉಸಿರೆಳೆದುಕೊಂಡು ನಿಂತೆ. ಪ್ರಾಣಾಯಾಮವೆಂದು ತಿಳಿದು ಇಬ್ಬರು ಹಿರಿಯರು ಬಂದು ಜೊತೆಗೆ ನಿಂತರು. 12ಕ್ಕೆ 9 ಅಂಕ ಬಂತು. ಫಸ್ಟ್ ಕ್ಲಾಸ್.

ಆ ಸೈಟಿನ ಬಗ್ಗೆ ಎರಡು ಮಾತು. ಅಲ್ಲಿ ಆಳೆತ್ತರ ಬೆಳೆದಿರುವುದನ್ನು ಜನ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಈ ಬರಹ ಪಕ್ಷಾತೀತವಾದದ್ದರಿಂದ ಪಾರ್ಥೇನಿಯಂ ಎಂದೇ ಕರೆಯುತ್ತೇನೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡದ್ದು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತೆಂದು ಪ್ರತೀತಿ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಕಿಂಗ್‌ಸ್ಟನ್ನಿನ ಕೋಣೆಯಲ್ಲಿ ಊದುವ ರ‍್ಯಾಗ್‌ವೀಡ್ ಪರಾಗವಿದೆಯಲ್ಲ, ಅದರ ದಾಯಾದಿ ಇದು. ಬೆಂಗಳೂರಿನ ಜನರಲ್ಲಿ ಶೇ. 7ರಷ್ಟು ಮಂದಿಗೆ ಈ ಗಿಡದಿಂದಲೇ ಅಲರ್ಜಿ ನೆಗಡಿಯೆಂದು ಇಲ್ಲಿನ ಸಂಶೋಧಕರು 1991ರಲ್ಲೇ ಬರೆದಿದ್ದಾರೆ. ಆದರೂ ಜನ ಬೈಯುವುದು ಟಬೂಬಿಯಾ ಮರವನ್ನು. ಗುಲಾಬಿ ಬಣ್ಣಕ್ಕೆ ಮರುಳಾಗಿ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಸೀನು ಬಂದರೆ ಅದರ ಮೇಲೇ ಹಾಕುತ್ತಾರೆ. ಅದರ ಪರಾಗ ಅಂಟಂಟು, ದುಂಬಿಗಳ ಮೈಮೇಲೆ ಪ್ರಯಾಣ ಮಾಡುವಂಥದು. ಗಾಳಿಯಲ್ಲಿ ಬಿಟ್ಟಿ ಪ್ರಯಾಣ ಮಾಡುವುದು, ಯಾರೂ ಫೋಟೋ ತೆಗೆಯದ ಈ ಗಿಡದ ಪರಾಗ. 1984ರಲ್ಲಿ ಇದನ್ನು ತಿನ್ನಲೆಂದೇ ಮೆಕ್ಸಿಕೋದ ಒಂದು ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಅದು ತಿಂದಿತು. ಆಮೇಲೆ ಸೂರ್ಯಕಾಂತಿಯ ಮೇಲೂ ಕಾಣಿಸಿಕೊಂಡು ಗಲಾಟೆಯಾಯಿತು. ಗಿಡ ಕೀಳುವುದು, ಹುಳು ಬಿಡುವುದು ಇವೆಲ್ಲ ಕೃಷಿ ಇಲಾಖೆಯ ಕೆಲಸ, ಚಿಕಿತ್ಸಾ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.

ಕಷಾಯದ ಜೊತೆ ಹೋಲಿಸಲು ಮೆಡಿಕಲ್ ಶಾಪಿನ ಮಾತ್ರೆಯೂ ಬೇಕಾಯಿತು. “ನೆಗಡಿಗೆ ಒಂದು ಕೊಡಿ” ಎಂದರೆ ಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಜ್ವರಕ್ಕೊಂದು, ಸೀನಿಗೊಂದು, ಕಟ್ಟಿದ ಮೂಗಿಗೊಂದು ಮದ್ದು ಒಟ್ಟಿಗಿರುತ್ತವೆ. ಕಟ್ಟಿದ ಮೂಗಿನ ಖಾತೆ ಫಿನೈಲ್‌ಎಫ್ರಿನ್‌ನದು. ಇದನ್ನು ಬಾಯಿಂದ ನುಂಗಿದರೆ ಮೂಗಿಗೆ ಏನೂ ಪ್ರಯೋಜನವಿಲ್ಲ, ಮೂಗು ತಲುಪುವ ಮುಂಚೆ ಹೊಟ್ಟೆ ಕರುಳಲ್ಲೇ ಬಹುಪಾಲು ಕರಗಿಹೋಗುತ್ತದೆಂದು ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ 2023ರ ಸೆಪ್ಟೆಂಬರಿನಲ್ಲಿ 16–0 ಮತಗಳಿಂದ ಹೇಳಿತು. ದಶಕಗಳ ಕಾಲ ಜಗತ್ತು ನುಂಗಿದ ಮೇಲೆ. ನಾನು ಈ ತೀರ್ಪನ್ನು ಅನುಮಾನದಿಂದಲೇ ನೋಡುತ್ತೇನೆ. ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯಲ್ಲಿ ಏಳು ಜನ. ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂಬುದರ ಮೇಲೂ ಏಳು ಮತ ಒಂದೇ ಕಡೆ ಬಿದ್ದದ್ದಿಲ್ಲ. ಹದಿನಾರು ತಜ್ಞರು ಒಂದೇ ಮಾತು ಹೇಳಿದರೆಂದರೆ ಎಲ್ಲೋ ಏನೋ ತಪ್ಪಿದೆ.

ಸೀನಿನ ಖಾತೆಯ ಮದ್ದಿನ ಕಥೆ ಬೇರೆ. ಹಳೆಯ ಕಾಲದ ಆ ಮದ್ದುಗಳಿಗೆ ನಿದ್ದೆ ಜಾಸ್ತಿ. ಅಮೆರಿಕದ ಅಯೋವಾದಲ್ಲಿ ಅಲರ್ಜಿಯಿರುವ 40 ಜನರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ, ಒಮ್ಮೆ ಹಳೆಯ ಮಾತ್ರೆ, ಒಮ್ಮೆ ಹೊಸ ಮಾತ್ರೆ, ಒಮ್ಮೆ ಹೆಂಡ, ಒಮ್ಮೆ ಹುಸಿ ಕೊಟ್ಟು ನೋಡಿ 2000ದಲ್ಲಿ ಪ್ರಕಟಿಸಿದರು. ಹಳೆಯ ಮಾತ್ರೆ ನುಂಗಿದವರ ಚಾಲನೆ ಕುಡಿದವರಿಗಿಂತ ಕೆಟ್ಟದಾಗಿತ್ತು. ‘ನಿದ್ದೆ ಬರ್ತಿದೆಯಾ?’ ಎಂದು ಕೇಳಿದರೆ ಅವರು ಕೊಟ್ಟ ಉತ್ತರಕ್ಕೂ ಅವರ ಚಾಲನೆಗೂ ಹೊಂದಿಕೆಯೇ ಇರಲಿಲ್ಲ. ‘ಪರವಾಗಿಲ್ಲ’ ಎಂಬ ಪದ ಅಯೋವಾದಲ್ಲೂ ಇದೆ ಎಂದಾಯಿತು. ಅಲ್ಲಿ ಅಳೆದದ್ದು ಮುಂದಿನ ಕಾರಿನ ವೇಗಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡು ಹೋಗುತ್ತಾರೆ ಎಂಬುದನ್ನು. ಇದನ್ನೇ ಸಂಜೆ ಆರಕ್ಕೆ ಬೆಂಗಳೂರಿನ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಮಾಡಿದ್ದರೆ ಮಾತ್ರೆಯವರು, ಹೆಂಡದವರು, ಹುಸಿಯವರು ಎಲ್ಲರಿಗೂ ನೂರಕ್ಕೆ ನೂರು ಬರುತ್ತಿತ್ತು. ನಾನು ಆ ಮಾತ್ರೆ ನುಂಗಿದ ಎರಡೂ ದಿನ ಡೈರಿಯ ಪುಟ ಖಾಲಿ. ಮಲಗಿದ್ದೆ. ಮಲಗಿದವನು ಸೀನಿಲ್ಲ, ಆದ್ದರಿಂದ ಸೊನ್ನೆ ಎಂದು ಬರೆದುಕೊಂಡೆ. ನೈತಿಕ ಸಮಿತಿ ತಕರಾರು ತೆಗೆಯಿತು: “ಸೀನಲಿಲ್ಲ, ಗೊರಕೆ ಹೊಡೆದ್ರಿ. ಅದಕ್ಕೆ ಅಂಕ ಇಲ್ವಾ?”

ಮೂಗಿನ ಸ್ಟೀರಾಯ್ಡ್ ಸ್ಪ್ರೇಗಳೇ ಈಗ ಇರುವುದರಲ್ಲೆಲ್ಲ ಹೆಚ್ಚು ಕೆಲಸ ಮಾಡುವಂಥವು ಎಂದು ಪುಸ್ತಕಗಳೂ ನಮ್ಮ ಇ.ಎನ್.ಟಿ. ಡಾಕ್ಟರೂ ಒಂದೇ ಮಾತು ಹೇಳುತ್ತಾರೆ. ದಿನಾ ತಪ್ಪದೆ ಹಾಕಬೇಕು, ಪೂರ್ತಿ ಗುಣ ಕಾಣಲು ಕೆಲವು ದಿನ ಕಾಯಬೇಕು, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ, ತುದಿ ಹೊರಗೋಡೆಯತ್ತ ತಿರುಗಿರಬೇಕು. ಇಷ್ಟೊಂದು ಸರಳವಾಗಿ ಕೆಲಸ ಮಾಡುವ ವಸ್ತುವಿನ ಮೇಲೆ ಪ್ರಬಂಧ ಬರೆಯಲು ಏನೂ ಉಳಿಯುವುದಿಲ್ಲವಾದ್ದರಿಂದ ಬಿಟ್ಟೆ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರರು ಬಳಸುವುದು ಇದಲ್ಲ, ಅಂಗಡಿಯಲ್ಲಿ ಸಿಗುವ ಮೂಗಿನ ಡ್ರಾಪ್ಸ್. ಹಾಕಿದ ಎರಡು ನಿಮಿಷಕ್ಕೆ ಮೂಗು ತೆರೆದುಕೊಳ್ಳುತ್ತದೆ. ನಾಲ್ಕೈದು ದಿನ ದಾಟಿದರೆ ಆ ಡ್ರಾಪ್ಸೇ ಮೂಗನ್ನು ಕಟ್ಟಿಸಲು ಶುರುಮಾಡುತ್ತದೆ, ಬಿಡಿಸಲು ಮತ್ತೆ ಅದೇ ಬೇಕು. ಅವರದು ಈಗ ಹನ್ನೊಂದನೇ ವರ್ಷ. “ಒಳ್ಳೇ ಮದ್ದು ಸಾರ್,” ಎಂದರು, “ಒಂದು ದಿನ ಬಿಟ್ರೂ ಆಗಲ್ಲ.”

ಮಾತ್ರೆಯ ಆ ಎರಡು ದಿನ ಬಿಟ್ಟರೆ, ಕಷಾಯದ ಪ್ರಯೋಗ 14 ದಿನದ್ದು. ಎಂಟು ದಿನ ಕವಡೆ ಹೇಳಿದಂತೆ ನಡೆಯಿತು. ಅಂಕಗಳು ಎಂಟು, ಒಂಬತ್ತು, ಹತ್ತರ ನಡುವೆ ಓಡಾಡಿದವು. ಅಸಲಿ ಕಷಾಯದ ದಿನ ಒಂದರ್ಧ ಅಂಕ ಕಡಿಮೆ ಇದ್ದಂತೆ ನನಗೆ ಕಾಣತೊಡಗಿತ್ತು. ಅಂತರರಾಷ್ಟ್ರೀಯ ಮಟ್ಟದ ಅಂತರ. ಅಮ್ಮ ಎಲ್ಲ ದಿನವೂ ಅಸಲಿಯನ್ನೇ ಕೊಟ್ಟಿದ್ದರೆಂದು ಒಂಬತ್ತನೆಯ ದಿನ ತಿಳಿಯಿತು. “ಮಗ ಸೀನ್ತಾ ಇದ್ರೆ ಬೆಲ್ಲದ ನೀರು ಕುಡಿಸೋಕಾಗುತ್ತೇನೋ?” ಎಂದರು. ಇದನ್ನು ವಿಧಾನದ ಸಣ್ಣ ತಿದ್ದುಪಡಿಯೆಂದು ದಾಖಲಿಸಿ ಮುಂದುವರಿದೆ.

ಹತ್ತನೆಯ ದಿನ ಬೆಳಿಗ್ಗೆ ಖಾಲಿ ಸೈಟಿನ ಮಾಲೀಕರು ಕಾರಿನಲ್ಲಿ ಬಂದರು. ಜೊತೆಗೆ ಕೈಗವಸು ಹಾಕಿದ, ಬಾಯಿಗೆ ಬಟ್ಟೆ ಕಟ್ಟಿದ ನಾಲ್ಕು ಕೂಲಿಯಾಳುಗಳು. ಸೈಟು ನೋಡಲು ಗಿರಾಕಿ ಬರುವವರಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಬುಡಸಮೇತ ಎಲ್ಲ ಕಿತ್ತು, ಟ್ರ್ಯಾಕ್ಟರಿಗೆ ತುಂಬಿ ಕೊಂಡುಹೋದರು. ಸಂಜೆಯ ಅಂಕ ಆರು. ಹನ್ನೆರಡನೆಯ ದಿನ ಮೂರು. ಹದಿಮೂರನೆಯ ದಿನ ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಒಗ್ಗರಣೆಯ ಇಂಗಿನ ವಾಸನೆ ಬಂತು. ಜೂನಿನಿಂದ ಅದು ಬಂದಿರಲಿಲ್ಲ.

ಈ ಬಾಹ್ಯ ಘಟನೆಯಿಂದ ದತ್ತಾಂಶ ಸಂಪೂರ್ಣ ಕೆಟ್ಟಿದೆ. ಹತ್ತನೆಯ ದಿನದಿಂದ ಮುಂದಿನ ಅಂಕಗಳನ್ನು ವಿಶ್ಲೇಷಣೆಯಿಂದ ಕೈಬಿಟ್ಟಿದ್ದೇನೆ. ಮಾಲೀಕರನ್ನು ಕಂಡು, ಇಂಥ ಕೆಲಸಕ್ಕೆ ಮುಂಚೆ ಅಕ್ಕಪಕ್ಕದವರಿಗೆ ಒಂದು ಮಾತು ತಿಳಿಸಬೇಕಾಗಿತ್ತೆಂದು ನಯವಾಗಿಯೇ ಹೇಳಿದೆ. ಅವರು ತಪ್ಪೊಪ್ಪಿಕೊಂಡು ಸಮಾಧಾನ ಹೇಳಿದರು: ಗಿರಾಕಿಗೆ ಖಾತೆಯಲ್ಲೇನೋ ತೊಡಕು ಕಂಡು ವ್ಯಾಪಾರ ಮುರಿದಿದೆ, ಸೈಟನ್ನು ಸದ್ಯಕ್ಕೆ ಯಾರೂ ಮುಟ್ಟುವುದಿಲ್ಲ, ಇನ್ನೆರಡು ಮಳೆ ಬಿದ್ದರೆ ಎಲ್ಲ ಮೊದಲಿನಂತೆ ಆಗುತ್ತದೆ. ಬೀಜ ಮೊಳೆತು ಹೂ ಬಿಡಲು ಈ ಗಿಡಕ್ಕೆ ಆರು ವಾರ ಸಾಕು. ಎರಡನೆಯ ಹಂತದ ಪ್ರಯೋಗಕ್ಕೆ ದಿನಾಂಕ ಗೊತ್ತುಮಾಡಿದ್ದೇನೆ. ಅಮ್ಮನ ಕಣ್ಣಿನ ಆಪರೇಷನ್ ಅದಕ್ಕೂ ಮುಂಚಿನ ವಾರಕ್ಕೆ ಬಿದ್ದಿತ್ತು; ಮುಂದಕ್ಕೆ ಹಾಕಿಸಿದ್ದೇನೆ.